ದರ್ಜೆ: ಸಾಧಾರಣ

ಶ್ರಾವಣ ಮುಗಿಯುತ್ತ ಬಂತೆಂದರೆ ನಮ್ಮ ಮನೆಯಲ್ಲಿ ನನಗೆ ಕೂರಲು ಜಾಗವಿರುವುದಿಲ್ಲ. ಇದು ಉತ್ಪ್ರೇಕ್ಷೆಯಲ್ಲ. ಸೋಫಾದ ಮೇಲೆ ಮೊರ, ಊಟದ ಮೇಜಿನ ಮೇಲೆ ಮೊರ, ನಾನು ಪೇಪರ್ ಓದುವ ಕುರ್ಚಿಯ ಮೇಲೆ ಅರಿಶಿನ ಬಳಿದು ಒಣಗಲು ಇಟ್ಟ ಮೊರ. ಎರಡು ವರ್ಷದ ಹಿಂದೆ ನೋಡದೆ ಅದರ ಮೇಲೆ ಕೂತುಬಿಟ್ಟೆ. ಆ ಪ್ಯಾಂಟು ಅವತ್ತಿನಿಂದ ಆಫೀಸಿನ ಮುಖ ನೋಡಿಲ್ಲ.

ಕಾರಣ ನನ್ನ ಹೆಂಡತಿ ಸುಲೋಚನಾ. ಗೌರಿ ಹಬ್ಬಕ್ಕೆ ಬಾಗಿನ ತುಂಬಿ ಕಳಿಸುವುದು ಅವಳ ಉದ್ಯೋಗ. ನಾವಿರುವ ಗುಜರಾತಿನಲ್ಲಿ ಏನು ಬೇಕಾದರೂ ಸಿಗುತ್ತದೆ, ನಮ್ಮ ಕಡೆಯ ಜೋಡಿ ಮೊರ ಮಾತ್ರ ಸಿಗುವುದಿಲ್ಲ. ಇಲ್ಲಿಯವರು ಸೂಪಡು ಎನ್ನುವ ಮೊರದಲ್ಲಿ ಅಕ್ಕಿ ಕೇರಬಹುದೇ ಹೊರತು ಗೌರಮ್ಮನ ಮುಂದೆ ಇಡುವ ಹಾಗಿಲ್ಲ ಎಂದು ಸುಲೋಚನಾ ಎಂದೋ ತೀರ್ಪು ಕೊಟ್ಟಾಗಿದೆ. ಹಾಗಾಗಿ ಮೈಸೂರಿನಿಂದ ರೈಲಿನಲ್ಲಿ ಮೊರ ತರಿಸುತ್ತಾಳೆ. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ಬಳೆ, ಕನ್ನಡಿ, ಬಾಚಣಿಗೆ, ಕರಿಮಣಿ, ಮೇಲೆ ರವಿಕೆ ಕಣ. ಇನ್ನೊಂದು ಮೊರ ಮುಚ್ಚಿ ಅರಿಶಿನದ ದಾರ ಕಟ್ಟಿದರೆ ಬಾಗಿನ. ಅಹಮದಾಬಾದ್, ವಡೋದರಾ, ಸೂರತ್ ಮೂರು ಊರಿನ ಕನ್ನಡದ ಹೆಂಗಸರೂ ಅವಳ ಗಿರಾಕಿಗಳು.

ನನ್ನ ತಕರಾರು ಮೊರದ ಮೇಲಲ್ಲ, ಫೋನಿನ ಮೇಲೆ. ಆ ಒಂದು ತಿಂಗಳು ಅಹಮದಾಬಾದಿನ ನಮ್ಮ ಬೋಡಕ್‌ದೇವ್ ಫ್ಲ್ಯಾಟಿನಲ್ಲಿ ಅವಳ ಫೋನ್ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಅದೂ ಎಂಥ ಸಂಭಾಷಣೆ!

“ಸುಲೋಚನಾ, ನಮ್ಮಮ್ಮನಿಗೆ ಒಂದು ಬಾಗಿನ. ನಿಮ್ಮನೇದೇ ಅಂದ್ಕೊಂಡು ತುಂಬಿ, ಆಯ್ತಾ?”

“ಆಗ್ಲಿ, ಆಗ್ಲಿ.”

“ನಮ್ಮತ್ತೆಯವ್ರಿಗೂ ಒಂದು.” (ಇಲ್ಲಿಗೆ ದನಿ ಪಾತಾಳಕ್ಕೆ ಇಳಿಯುತ್ತದೆ.) “ಅದು... ಒಂದು ಮಟ್ಟಕ್ಕೆ ಇರ್ಲಿ.”

“ಅರ್ಥ ಆಯ್ತು ಬಿಡಿ.”

ಇವಳಿಗೇನೋ ಅರ್ಥವಾಯಿತು. ನನಗಾಗಲಿಲ್ಲ. ಒಂದು ಮಟ್ಟ ಎಂದರೆ ಎಷ್ಟು? ಯಾವುದರ ಮಟ್ಟ? ನಾನು ಕೆಲಸ ಮಾಡುವುದು ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯ ಬಿಡಿಭಾಗ ಪರೀಕ್ಷಾ ವಿಭಾಗದಲ್ಲಿ. ಅಲ್ಲಿ ಒಂದು ಸ್ಕ್ರೂ ಇದ್ದರೆ ಅದಕ್ಕೊಂದು ಚೀಟಿ ಇರುತ್ತದೆ. ಅದು ಯಾವುದಕ್ಕೆ, ಯಾವ ದರ್ಜೆಯದು, ಆಯ್ಕೆ ಮಾಡಿದವರು ಯಾರು, ಪರಿಶೀಲಿಸಿದವರು ಯಾರು, ಎಲ್ಲವೂ ಆ ಚೀಟಿಯಲ್ಲಿ. ಚೀಟಿಯಿಲ್ಲದೆ ನಮ್ಮ ಕೋಣೆಯಿಂದ ಒಂದು ನಟ್ಟೂ ಹೊರಗೆ ಕಾಲಿಡುವುದಿಲ್ಲ. ಅಂಥ ಸುಬ್ಬರಾಯನ (ನಾನೇ) ಮನೆಯಲ್ಲಿ ‘ಒಂದು ಮಟ್ಟಕ್ಕೆ’ ಎಂಬ ಅಳತೆಯ ಮೇಲೆ ವ್ಯಾಪಾರ ನಡೆಯುವುದೆಂದರೆ ನನಗೆ ನಿದ್ದೆ ಬರುವುದಾದರೂ ಹೇಗೆ?

ಈ ವರ್ಷ ಆಷಾಢದಲ್ಲೇ ನಾನು ಸುಲೋಚನಾಳಿಗೆ ಒಂದು ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಸಂಕಲ್ಪ ಮಾಡಿದೆ. ಮೂರು ಭಾನುವಾರ ಕೂತು ಕಟ್ಟಿಯೂಬಿಟ್ಟೆ. ಅದರ ಪ್ರಾಣವೆಲ್ಲ ಡ್ರಾಪ್‌ಡೌನ್‌ನಲ್ಲಿತ್ತು. ಎಂದರೆ, ಒತ್ತಿದರೆ ಒಂದು ಪಟ್ಟಿ ಕೆಳಗಿಳಿಯುತ್ತದೆ. ಅದರಲ್ಲಿ ಒಂದನ್ನು ಆರಿಸಲೇಬೇಕು. ಆರಿಸದಿದ್ದರೆ ಕೆಂಪಕ್ಷರದಲ್ಲಿ ಗದರಿಸಿ ಅಲ್ಲೇ ನಿಲ್ಲಿಸುತ್ತದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಂಥ ಶಿಸ್ತನ್ನು ನಾನು ಎಲ್ಲೂ ಕಂಡಿರಲಿಲ್ಲ.

ಐದು ಪಟ್ಟಿ ಮಾಡಿದೆ. ‘ಯಾರಿಗೆ’ ಎಂಬಲ್ಲಿ ಅಮ್ಮ, ನಾದಿನಿ, ಓರಗಿತ್ತಿ, ನೆರೆಯವರು, ಅತ್ತೆ. ‘ಬಳೆ ಅಳತೆ’ ಎಂಬಲ್ಲಿ 2.4ರಿಂದ 2.10ರವರೆಗೆ. ‘ರವಿಕೆ ಕಣ’ ಎಂಬಲ್ಲಿ ರೇಷ್ಮೆ, ಹತ್ತಿ, ಯಾವುದಾದರೂ ಸರಿ. ‘ಬೆಲ್ಲದಚ್ಚು’ ಎಂಬಲ್ಲಿ ದೊಡ್ಡದು, ಚಿಕ್ಕದು. ಕೊನೆಗೆ ‘ದರ್ಜೆ’: ಅತ್ಯುತ್ತಮ, ಉತ್ತಮ, ಸಾಧಾರಣ.

ಸುಲೋಚನಾ ಕನ್ನಡಕ ಏರಿಸಿಕೊಂಡು ನೋಡಿದಳು.

“ರೀ, ಸಾಧಾರಣ ಅಂತ ಯಾರಾದ್ರೂ ಬರೀತಾರೇನ್ರೀ?”

“ಮತ್ತೇನು ಬರೀಲಿ? ಒಂದು ಮಟ್ಟ ಅಂತಲಾ?”

“ಏನೂ ಬರೀಬೇಡಿ. ಅದು ಬರೆಯೋ ವಿಷಯ ಅಲ್ಲ. ಬಾಯಲ್ಲೇ ಪೂರ್ತಿ ಹೇಳೋಕೆ ಸಂಕೋಚ ಪಡ್ತಾರೆ ಅವ್ರು. ನೀವು ಒಳ್ಳೇ ರೇಷನ್ ಅಂಗಡಿ ಥರ ಪಟ್ಟಿ ಮಾಡಿ ಇಟ್ಟಿದೀರಲ್ಲ!”

“ಅಯ್ಯೋ ಮಾರಾಯ್ತಿ, ಇದನ್ನ ನೋಡೋದು ಆರ್ಡರ್ ಮಾಡೋರು ಮಾತ್ರ.”

“ನೋಡಿ, ಹೇಳಿರ್ತೀನಿ,” ಎಂದಳು ಸುಲೋಚನಾ. “ಹನ್ನೊಂದು ವರ್ಷದಿಂದ ಮೂರು ಊರಿನ ಅತ್ತೆ ಸೊಸೆಯರ ಗುಟ್ಟು ನನ್ನ ಹೊಟ್ಟೇಲಿದೆ. ಒಬ್ಬರ ಮನೇಲೂ ನನ್ನಿಂದ ಒಂದು ಮಾತು ಬಂದಿಲ್ಲ. ಅದಕ್ಕೇ ನನ್ನ ಹತ್ರ ಬರ್ತಾರೆ, ಮೊರ ಚೆನ್ನಾಗಿದೆ ಅಂತಲ್ಲ. ಆ ನಂಬಿಕೆ ಒಂದು ಹೋಯ್ತೋ, ನಾನು ಕನ್ನಡ ಸಂಘದ ಮೆಟ್ಟಿಲು ಹತ್ತೋ ಹಾಗಿಲ್ಲ.”

“ನಾನಿದೀನಿ, ನೀನ್ಯಾಕೆ ಹೆದರ್ತೀಯ?” ಎಂದೆ.

“ನೀವಿದೀರಿ ಅಂತಲೇ,” ಎಂದಳು.

ಅಂಗಡಿ ತೆರೆಯುವ ಮೊದಲು ಪರೀಕ್ಷೆ ಆಗಬೇಕಲ್ಲ, ನಾನೇ ಎರಡು ಆರ್ಡರ್ ಹಾಕಿದೆ. ಒಂದರಲ್ಲಿ ಎಲ್ಲ ಪಟ್ಟಿಯ ಮೊದಲನೆಯ ಆಯ್ಕೆ, ಇನ್ನೊಂದರಲ್ಲಿ ಎಲ್ಲ ಪಟ್ಟಿಯ ಕೊನೆಯದು. ಯಂತ್ರಗಳನ್ನೂ ನಾವು ಪರೀಕ್ಷಿಸುವುದು ಹೀಗೆಯೇ, ಎರಡು ತುದಿ ಹಿಡಿದು. ಕೊಡುವವರ ಹೆಸರು ಕೇಳಿತು, ಸುಲೋಚನಾ ಎಂದು ಹಾಕಿದೆ. ವಿಳಾಸ ಕೇಳಿತು, ಬಾಯಿಪಾಠವಾಗಿದ್ದ ಎರಡು ವಿಳಾಸ ಕೊಟ್ಟೆ. ಎರಡೂ ಆರ್ಡರ್ ಸರಾಗವಾಗಿ ಒಳಗೆ ಹೋದವು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಆ ವಿಷಯ ಮರೆತೆ.

ಆಮೇಲಿನ ಮೂರು ವಾರ ನನ್ನ ಬಾಳಿನ ಸುವರ್ಣಯುಗ. ಫೋನ್ ನಿಂತೇಹೋಯಿತು. ಆರ್ಡರುಗಳು ಸದ್ದಿಲ್ಲದೆ ಬಂದು ಸಾಲಾಗಿ ಕೂತವು. ಬಾಯಲ್ಲಿ ‘ಒಂದು ಮಟ್ಟ’ ಎನ್ನುತ್ತಿದ್ದ ಹೆಂಗಸರೆಲ್ಲ ಡ್ರಾಪ್‌ಡೌನ್ ಮುಂದೆ ಎಂಥ ಧೈರ್ಯವಂತರಾದರೆಂದರೆ, ಅಮ್ಮ ಎಂದು ಒತ್ತಿದವರೆಲ್ಲ ಅತ್ಯುತ್ತಮ, ಅತ್ತೆ ಎಂದು ಒತ್ತಿದವರಲ್ಲಿ ಮುಕ್ಕಾಲು ಪಾಲು ಸಾಧಾರಣ. ಬಾಯಿ ಬಿಟ್ಟು ಹೇಳಬೇಕಾಗಿಲ್ಲವಲ್ಲ, ಬೆರಳು ತಾನಾಗಿ ಇಳಿದುಬಿಡುತ್ತಿತ್ತು.

ಬಾಗಿನ ತುಂಬುವ ದಿನ ಸುಲೋಚನಾ, “ಯಾವುದು ಯಾವುದು ಅಂತ ಕಲಸಿಹೋಗದ ಹಾಗೆ ಮೇಲೊಂದು ನಂಬರ್ ಅಂಟಿಸಿ ಸಾಕು,” ಎಂದಳು. ಅವಳು ಕೇಳಿದ್ದು ಅಷ್ಟೇ. ನಾನು ಇನ್ನೂ ಅಚ್ಚುಕಟ್ಟಾಗಿ ಮಾಡಿದೆ. ಮೇಲೆ ಅಂಟಿಸಿದ್ದು ಉದುರಿಹೋದರೆ? ಅದಕ್ಕೆ ನಮ್ಮ ವಿಭಾಗದ ಮಾದರಿಯಲ್ಲೇ ಪ್ರತಿ ಬಾಗಿನಕ್ಕೂ ಒಂದೊಂದು ದಪ್ಪ ಕಾಗದದ ಚೀಟಿ ಮುದ್ರಿಸಿ, ಅವಳು ಒಳಗೆ ಬೇಳೆ ಅಳೆಯುತ್ತಿದ್ದಾಗ, ರವಿಕೆ ಕಣದ ಕೆಳಗೆ ಜೋಪಾನವಾಗಿ ಸೇರಿಸಿದೆ. ಹೇಳದೆ ಮಾಡಿದ್ದು ಯಾಕೆಂದರೆ, ಆಮೇಲೆ ಹೇಳಿ ಮೆಚ್ಚಿಗೆ ಪಡೆಯುವ ಆಸೆ.

ಶನಿವಾರ ಕೊರಿಯರ್‌ನವನು ಬಂದ. ಒಂದು ಪೊಟ್ಟಣವನ್ನು ಎತ್ತಿ, ಅದುಮಿ ನೋಡಿ, “ಸಾಹೇಬ್, ಸೂಪಡಾಂ? ಓನ್‌ಲೈನ್?” ಎಂದು ಕೇಳಿದ. ಹೌದಪ್ಪ, ಮೊರವೇ, ಆನ್‌ಲೈನೇ ಎಂದು ಎದೆಯುಬ್ಬಿಸಿ ಹೇಳಿದೆ.

ಅವನು ಹೋದ ಮೇಲೆ ಸುಲೋಚನಾ ಬಾಗಿಲಲ್ಲಿ ನಿಂತು ಬೆರಳು ಮಡಿಸುತ್ತಿದ್ದಳು. “ನಲವತ್ತೊಂದಕ್ಕೆ ದುಡ್ಡು ಬಂದಿದೆ ಅಂದಿದ್ರಿ. ನಲವತ್ತಮೂರು ಜೋಡಿ ಹೇಗೆ ಖರ್ಚಾಯ್ತು?”

“ಕೊನೇ ಗಳಿಗೆಯಲ್ಲಿ ಎರಡು ಬಂದಿರುತ್ತೆ. ಲೆಕ್ಕದ ವಿಷಯ ನನಗೆ ಬಿಡು.”

ಬಿಟ್ಟಳು.

ಬುಧವಾರ ಗೌರಿ ಹಬ್ಬ. ಸೋಮವಾರ ಬೆಳಗ್ಗೆ ನಾನು ಆಫೀಸಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದೆ. ವಡೋದರಾದಿಂದ ಮೇದಿನಿ ಎಂಬ ಹಳೆಯ ಗಿರಾಕಿ ಫೋನ್ ಮಾಡಿದರು. ಸುಲೋಚನಾ ಫೋನನ್ನು ಸ್ಪೀಕರಿಗೆ ಹಾಕಿ ಹೂ ಕಟ್ಟುತ್ತ ಕೂತಳು.

“ಸುಲೋಚನಾ, ಬಾಗಿನ ಬಂತು. ಚೆನ್ನಾಗಿದೆ. ಒಳಗೆ ಒಂದು ಚೀಟಿ ಇದೆಯಲ್ಲ, ಅದು ಏನು?”

“ಚೀಟಿನಾ? ಯಾವ ಚೀಟಿ?”

“ಯಾರಿಗೆ, ಅತ್ತೆ. ದರ್ಜೆ, ಸಾಧಾರಣ. ಕಣ, ಯಾವುದಾದರೂ ಸರಿ. ಆಯ್ಕೆ ಮಾಡಿದವರು, ಮೇದಿನಿ.” ಓದಿ ಮುಗಿಸಿ ಮೇದಿನಿಯವರು ದನಿ ತಗ್ಗಿಸಿದರು. “ಸದ್ಯ, ಹಣ್ಣು ಇಡೋಣ ಅಂತ ನಾನೇ ಬಿಚ್ಚಿದೆ. ನಾಡಿದ್ದು ಇದನ್ನ ನಮ್ಮತ್ತೆ ಕೈಗೆ ಕೊಡೋಳಿದ್ದೆ ಕಣ್ರೀ!”

ಹೂವಿನ ದಾರ ಸುಲೋಚನಾಳ ಕೈಯಿಂದ ಜಾರಿತು. ಅವಳು ನನ್ನ ಕಡೆ ತಿರುಗಿದಳು. ನಾನು ಶೂ ಲೇಸಿನ ಮೇಲೆ ಅಪಾರ ಆಸಕ್ತಿ ತೋರಿಸಿದೆ.

“ರೀ.”

“ಹೂಂ.”

“ಎಷ್ಟು ಬಾಗಿನದಲ್ಲಿ ಇಟ್ಟಿದೀರಿ?”

“ಎಲ್ಲದರಲ್ಲೂ,” ಎಂದು ಲೇಸಿಗೇ ಹೇಳಿದೆ.

ಅವಳು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುಖ ಬಿಳಿಚಿಕೊಂಡು ಅಲ್ಲೇ ಮೊರದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. “ನನ್ನ ಹನ್ನೊಂದು ವರ್ಷ,” ಎಂದಳು. ಮೂರು ಊರುಗಳಲ್ಲಿ ನಲವತ್ತು ಚಿಲ್ಲರೆ ಮನೆಗಳಲ್ಲಿ, ಮುಚ್ಚಿದ ಮೊರದೊಳಗೆ ನನ್ನ ಚೀಟಿಗಳು ಬುಧವಾರಕ್ಕಾಗಿ ಕಾಯುತ್ತ ಕೂತಿದ್ದವು.

ಆಫೀಸಿಗೆ ರಜೆ ಹೇಳಿದೆ. ಕಾರಣ ಕೇಳಿದರು, ಹೊಟ್ಟೆ ಸರಿಯಿಲ್ಲ ಎಂದೆ. (ಅದು ಸುಳ್ಳಾಗಿರಲಿಲ್ಲ.) ಸುಲೋಚನಾ ಎದ್ದು, ಮುಖ ತೊಳೆದು, ಫೋನ್ ಹಿಡಿದು ಒಬ್ಬೊಬ್ಬರಿಗೂ ಮೆಲ್ಲಗೆ ಹೇಳತೊಡಗಿದಳು. “ಏನಿಲ್ಲ, ಮೊರ ಬಿಚ್ಚಿ ಕಣದ ಕೆಳಗೆ ಒಂದು ಸಲ ನೋಡಿಬಿಡಿ... ಹಾಂ, ಅದೇ... ಹರಿದು ಹಾಕಿ... ಇಲ್ಲ, ಇಲ್ಲ, ಯಾರೂ ನೋಡಿಲ್ಲ... ನಮ್ಮನೆಯವರು... ಹೌದು, ಅವರೇ... ಏನು ಮಾಡೋದು ಹೇಳಿ.” ಪ್ರತಿ ಮನೆಗೂ ಒಮ್ಮೆ ‘ನಮ್ಮನೆಯವರು, ಹೌದು ಅವರೇ’ ಎಂದು ಹೇಳುವುದು ನನಗೆ ಕೇಳುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಗುಜರಾತಿನ ಅರ್ಧ ಭಾಗದಲ್ಲಿ ನನ್ನ ಕೀರ್ತಿ ಹಬ್ಬಿತು.

ಒಂದೇ ಒಂದು ಮನೆ ಉಳಿಯಿತು. ವಸ್ತ್ರಾಪುರದಲ್ಲಿರುವ ನನ್ನ ಸಹೋದ್ಯೋಗಿ ಚಂದ್ರಕಾಂತನ ಮನೆ. ಅವನ ಹೆಂಡತಿ ನೀಲಾ ಶಾಲೆಯಲ್ಲಿ ಟೀಚರು, ಪಾಠದ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ. ಬಾಗಿನ ಮನೆಗೆ ತಲುಪಿದೆ, ಮನೆಯಲ್ಲಿರುವುದು ಅವಳ ಅತ್ತೆ ಒಬ್ಬರೇ. ಆ ಬಾಗಿನ ಇರುವುದೂ ಅವರಿಗೇ.

“ನೀವೇ ಹೋಗಿ ತನ್ನಿ,” ಎಂದಳು ಸುಲೋಚನಾ. “ಅವರ ಕಣ್ಣು ತಪ್ಪಿಸಿ ತೆಗೀರಿ. ಹೋದ ವರ್ಷ ಒಂದು ಕುಕ್ಕರಿನ ವಿಷಯಕ್ಕೆ ಆ ಮನೇಲಿ ನಾಲ್ಕು ತಿಂಗಳು ಮಾತಿರಲಿಲ್ಲ.”

ಸ್ಕೂಟರಿನಲ್ಲಿ ಹೋದೆ. ದಾರಿಯಲ್ಲಿ ಎಲ್ಲ ಸಿಗ್ನಲ್ಲೂ ಕೆಂಪು. ಬಾಗಿಲು ತೆಗೆದ ಚಂದ್ರಕಾಂತನ ತಾಯಿ ಎಪ್ಪತ್ತೆಂಟರ ಮೇಲ್ಪಟ್ಟವರು, ಕಣ್ಣು ಮಾತ್ರ ಇಪ್ಪತ್ತರದು. ಬಾಗಿನದ ಪೊಟ್ಟಣ ನಡುಮನೆಯ ಟೀಪಾಯಿ ಮೇಲೆಯೇ ಇತ್ತು. ಅವರು ಅದರ ಎದುರಿಗೇ ಕೂತು ಬತ್ತಿ ಹೊಸೆಯುತ್ತಿದ್ದರು.

“ಏನಪ್ಪ ಸುಬ್ಬರಾಯ, ಕೆಲಸದ ದಿನ ಬಂದಿದ್ದೀಯ?”

“ಅಮ್ಮ, ಮೊರ ಒಂದು ಸಲ ಪರಿಶೀಲಿಸಬೇಕಿತ್ತು. ಒಂದೆರಡರಲ್ಲಿ ಹುಳ ಬಂದಿದೆ ಅಂತ ಸುದ್ದಿ.”

“ಅಯ್ಯೋ ಶಿವನೇ, ಹಾಗಾದ್ರೆ ಇಬ್ಬರೂ ಕೂತು ನೋಡೋಣ ಬಾ,” ಎಂದು ಕನ್ನಡಕ ಹಾಕಿಕೊಂಡು ನನ್ನ ಪಕ್ಕಕ್ಕೇ ಬಂದರು.

ನಾನು ದಾರ ಬಿಚ್ಚಿದೆ. “ಅಮ್ಮ, ಒಂದು ಲೋಟ ನೀರು ಸಿಗುತ್ತಾ?” ಎಂದೆ. “ಕೂಜಾ ನಿನ್ನ ಕೈ ಹತ್ರನೇ ಇದೆಯಲ್ಲೋ,” ಎಂದರು. ಇತ್ತು. ಕುಡಿದೆ. ಬೇರೆ ದಾರಿ ಕಾಣದೆ ಕಣದ ಕೆಳಗೆ ಕೈ ಹಾಕಿ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿ ಎಳೆದೆ. ಹಾಳು ಚೀಟಿ, ದಪ್ಪ ಕಾಗದ, ಮಡಚಿಕೊಳ್ಳಲಿಲ್ಲ.

“ಅದೇನದು?”

“ಅದು... ಗ್ಯಾರಂಟಿ ಕಾರ್ಡು ಅಮ್ಮ.”

“ಮೊರಕ್ಕೂ ಗ್ಯಾರಂಟಿ ಬಂತಾ! ಎಷ್ಟು ವರ್ಷ?”

“ಎರಡು.”

“ಒಳ್ಳೇದಾಯ್ತು. ಇತ್ತ ಕೊಡು, ಬೀರೂಲಿ ಇಡ್ತೀನಿ. ನಮ್ಮ ನೀಲಾ ಎಲ್ಲಾದರೂ ಕಳೀತಾಳೆ.”

ಅವರು ಕೈ ಚಾಚಿಕೊಂಡೇ ಇದ್ದರು. “ಸೀಲ್ ಹಾಕಿಲ್ಲ ಅಮ್ಮ, ಸೀಲ್ ಇಲ್ಲದೆ ನಡಿಯೋದಿಲ್ಲ, ಹಾಕಿಸಿ ತಂದುಕೊಡ್ತೀನಿ,” ಎಂದು ಚೀಟಿಯನ್ನು ಷರ್ಟಿನೊಳಗೆ ತುರುಕಿಕೊಂಡು, ಮೊರ ಮುಚ್ಚಿ, ದಾರ ಕಟ್ಟಿ ಎದ್ದೆ. ಲಿಫ್ಟಿಗೆ ಕಾಯುವ ಧೈರ್ಯ ಬರಲಿಲ್ಲ, ಆರು ಮಹಡಿ ಇಳಿದುಕೊಂಡೇ ಬಂದೆ. ಹಿಂದಿನಿಂದ, “ಮರೀಬೇಡ್ವೋ, ಕಾರ್ಡು!” ಎಂಬ ಕೂಗು ಮೂರು ಮಹಡಿಯವರೆಗೆ ಕೇಳಿಸಿತು.

ಮನೆಗೆ ಬಂದಾಗ ಸುಲೋಚನಾಳ ಮುಖಕ್ಕೆ ಬಣ್ಣ ಬಂದಿತ್ತು. ಎಲ್ಲರೂ ಚೀಟಿ ತೆಗೆದಿದ್ದರು. ಒಬ್ಬರ ಅತ್ತೆಯ ಕಣ್ಣಿಗೂ ಬಿದ್ದಿರಲಿಲ್ಲ. ನನಗೆ ಒಂದು ಲೋಟ ಕಾಫಿಯೂ ಸಿಕ್ಕಿತು. (ಬೆಳಗ್ಗೆಯಿಂದ ಅದೇ ಮೊದಲನೆಯದು.) ಕಾಫಿ ಕುಡಿಯುತ್ತ ನಾನು ಪಟ್ಟಿ ತೆರೆದು ಒಂದೊಂದೇ ಹೆಸರಿಗೆ ಗುರುತು ಹಾಕುತ್ತ ಬಂದೆ. ನಲವತ್ತೊಂದಕ್ಕೂ ಗುರುತು ಬಿತ್ತು.

ಪಟ್ಟಿಯ ತಲೆಯಲ್ಲಿ ಇನ್ನೂ ಎರಡು ಇದ್ದವು. ನಂಬರ್ ಒಂದು, ನಂಬರ್ ಎರಡು.

ಒಂದನೆಯದರ ವಿಳಾಸ ವಡೋದರಾ. ಅಲ್ಲಿ ಸುಲೋಚನಾಳ ಅಣ್ಣನ ಮನೆಯಲ್ಲಿ ಅವಳ ತಾಯಿ, ಎಂದರೆ ನನ್ನ ಅತ್ತೆ ಇದ್ದಾರೆ. ಎರಡನೆಯದು ಸೂರತ್, ಉಧ್ನಾ. ಅಲ್ಲಿ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಶರತ್ ಮನೆಯಲ್ಲಿ ನನ್ನ ತಾಯಿ ಇದ್ದಾರೆ. ಪರೀಕ್ಷೆಗೆಂದು ಹಾಕಿದ ಎರಡು ತುದಿಗಳು! ಅಳಿಸುವುದನ್ನು ಮರೆತಿದ್ದೆ. ಸುಲೋಚನಾ ನಂಬರ್ ನೋಡಿಕೊಂಡು ತುಂಬಿದ್ದಳು, ನಾನು ಓದದೆಯೇ ವಿಳಾಸ ಅಂಟಿಸಿದ್ದೆ. ನಲವತ್ತಮೂರು ವಿಳಾಸ ಅಂಟಿಸುವಾಗ ಯಾರು ಓದುತ್ತಾರೆ, ನೀವೇ ಹೇಳಿ.

ಮೊದಲನೆಯ ಆಯ್ಕೆಗಳೆಲ್ಲ ಅತ್ತೆಗೆ. ಕೊನೆಯ ಆಯ್ಕೆಗಳೆಲ್ಲ ಹೆತ್ತ ತಾಯಿಗೆ. ಕೊಡುವವರು, ಎರಡರಲ್ಲೂ ಸುಲೋಚನಾ.

ಕಾಫಿ ಲೋಟ ಕೆಳಗಿಟ್ಟೆ. ಎದುರಿಗೆ ಸುಲೋಚನಾ ನಗುನಗುತ್ತ, “ನಿಮ್ಮಮ್ಮನಿಗೂ ನಮ್ಮಮ್ಮನಿಗೂ ಬಾಗಿನ ನಾನೇ ಕೈಯಾರೆ ತುಂಬಿಟ್ಟಿದೀನಿ ರೀ, ನಾಳೆ ಶರತ್ ಕೆಲಸದ ಮೇಲೆ ಬರ್ತಾನಲ್ಲ, ಅವನ ಕೈಲಿ ಕೊಡ್ತೀನಿ. ಅತ್ತೆಗೆ ಅಂತ ಚಿಲಕಪಚ್ಚೆ ರೇಷ್ಮೆ ಕಣ ಎರಡು ತಿಂಗಳ ಹಿಂದೇನೇ ತೆಗೆದಿಟ್ಟೆ,” ಎಂದಳು. ಹೇಳಿಬಿಡಲೇ ಎಂದುಕೊಂಡೆ. ಬಾಯಿ ತೆರೆದೆ. ಫೋನ್ ಬಡಿದುಕೊಂಡಿತು. ಸೂರತ್‌ನಿಂದ ಅಮ್ಮ.

ಸುಲೋಚನಾ ಎಂದಿನಂತೆ ಸ್ಪೀಕರಿಗೆ ಹಾಕಿದಳು. “ಹೇಳಿ ಅತ್ತೆ.”

“ನಿನ್ನ ಬಾಗಿನ ಬಂತಮ್ಮ.” ಅಮ್ಮನ ದನಿಯಲ್ಲಿ ಸಕ್ಕರೆ ಜಾಸ್ತಿಯಾಗಿತ್ತು. ಅದು ಅಪಾಯದ ಸೂಚನೆ ಎಂದು ನನಗೆ ಐವತ್ತು ವರ್ಷದ ಅನುಭವ. “ನಾನು ಹಬ್ಬದ ದಿನಾನೇ ಬಿಚ್ಚೋಳು. ಆದರೆ ಬೆಳಗ್ಗೆ ವಡೋದರಾದಿಂದ ನಿಮ್ಮಮ್ಮ ಫೋನ್ ಮಾಡಿದ್ರು. ಒಳಗೊಂದು ಚೀಟಿ ಇದೆ, ನಮಗೆ ಅತ್ಯುತ್ತಮ ಬಂದಿದೆ, ನಿಮಗೇನು ಬಂತು ಅಂತ ಕೇಳಿದ್ರು. ಬಳೆ ಮುಂಗೈಗೆ ಏರಲಿಲ್ವಂತೆ, ಆದರೂ ಬಹಳ ಸಂತೋಷವಾಗಿದ್ರು. ಅದಕ್ಕೇ ನಾನೂ ಬಿಚ್ಚಿದೆ. ಓದ್ತೀನಿ, ಕೇಳು.”

ಸುಲೋಚನಾಳ ಕಣ್ಣು ದೊಡ್ಡದಾಯಿತು.

ಅಮ್ಮ ಓದಿದರು. ನಿಧಾನವಾಗಿ, ಒಂದೊಂದು ಸಾಲಿನ ನಡುವೆ ಉಸಿರು ತೆಗೆದುಕೊಂಡು. “ಕೊಡುವವರು, ಸುಲೋಚನಾ. ಯಾರಿಗೆ, ಅತ್ತೆ. ಬಳೆ ಅಳತೆ, ಎರಡು ಪಾಯಿಂಟ್ ಹತ್ತು. ಮೊಣಕೈ ದಾಟಿ ಹೋಗುತ್ತಮ್ಮ ನನಗೆ. ರವಿಕೆ ಕಣ, ಯಾವುದಾದರೂ ಸರಿ. ಬೆಲ್ಲದಚ್ಚು, ಚಿಕ್ಕದು. ದರ್ಜೆ...” ಇಲ್ಲಿ ಅಮ್ಮ ಬೇಕೆಂದೇ ನಿಲ್ಲಿಸಿದರು. “ದರ್ಜೆ, ಸಾಧಾರಣ.”

ಮದುವೆಯಾದ ಹೊಸದರಲ್ಲಿ ಅಮ್ಮನಿಗೂ ಸುಲೋಚನಾಳಿಗೂ ಹುಳಿಗೆ ಬೆಲ್ಲ ಹಾಕುವ ವಿಷಯದಲ್ಲಿ ಶುರುವಾದ ಮನಸ್ತಾಪ ಸರಿಹೋಗಲು ಒಂಬತ್ತು ವರ್ಷ ಹಿಡಿದಿತ್ತು. ಆ ಒಂಬತ್ತು ವರ್ಷ ಇಬ್ಬರ ನಡುವೆ ಓಡಾಡಿ ಸವೆದವನು ನಾನು. ಈಗ ನಾನು ಹೇಳಬೇಕಾದದ್ದು ಒಂದೇ ಮಾತು: ‘ಅಮ್ಮ, ಅದು ಮಾಡಿದ್ದು ನಾನು.’ ಸುಲೋಚನಾ ನನ್ನನ್ನು ನೋಡಿದಳು, ನಾನು ಫ್ಯಾನ್ ನೋಡಿದೆ. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ.

“ಅತ್ತೆ, ನಾನು... ನನಗೆ...” ಎಂದು ಸುಲೋಚನಾ ತಡವರಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು.

“ತಾಳೇ, ಇನ್ನೂ ಮುಗಿದಿಲ್ಲ,” ಎಂದರು ಅಮ್ಮ. “ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದೆ. ಶರತ್ ಭೂತಗನ್ನಡಿ ತಂದುಕೊಟ್ಟ. ಆರ್ಡರ್ ಮಾಡಿದವರು, ಸುಬ್ಬರಾಯ. ಆಯ್ಕೆ ಮಾಡಿದವರು, ಸುಬ್ಬರಾಯ. ಪರಿಶೀಲಿಸಿದವರು, ಸುಬ್ಬರಾಯ.”

ಸುಲೋಚನಾ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ಅಲ್ಲೇ ಇದ್ದಾನಾ ಅವನು?”

“ಇದ್ದಾರೆ ಅತ್ತೆ,” ಎಂದಳು ಸುಲೋಚನಾ. ದನಿ ಪೂರ್ತಿ ಬದಲಾಗಿತ್ತು.

“ಲೋ ಸುಬ್ಬು, ಒಂದು ಸಲ ಅವಸರದಲ್ಲಿ ಒತ್ತಿದೆ ಅಂದಿದ್ರೆ ಹೋಗ್ಲಿ ಅಂತಿದ್ದೆ. ಮೂರು ಸಲ ಹೆಸರು ಹಾಕಿ ತೀರ್ಮಾನ ಮಾಡಿದ್ದೀಯಲ್ಲೋ, ಹೆತ್ತವಳು ಸಾಧಾರಣ ಅಂತ!”

“ಅಮ್ಮ, ಅದು ಪರೀಕ್ಷೆಗೆ...”

“ಪರೀಕ್ಷೆ ಮಾಡೋಕೆ ನಾನೇ ಬೇಕಿತ್ತಾ? ನಿನ್ನ ಅತ್ತೆಗೆ ಮಾತ್ರ ಪರೀಕ್ಷೆಯಿಲ್ಲದೆ ಅತ್ಯುತ್ತಮನಾ?”

ಪಟ್ಟಿಯ ಮೊದಲ ಸಾಲು, ಕೊನೆಯ ಸಾಲು, ಎರಡು ತುದಿಯ ಪರೀಕ್ಷಾ ವಿಧಾನ, ಎಲ್ಲವನ್ನೂ ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, “ಅಂದ್ರೆ ಪಟ್ಟಿಯಲ್ಲಿ ಅತ್ತೆಯನ್ನ ನೆರೆಯವರಿಗಿಂತ ಕೆಳಗೆ ಹಾಕಿದವನೂ ನೀನೇನೋ?” ಎಂದು ಕೇಳಿದರು. ಸುಲೋಚನಾ, “ಹೌದು ಅತ್ತೆ, ಅವರೇ,” ಎಂದಳು. ಬೆಳಗ್ಗೆಯಿಂದ ಅಭ್ಯಾಸವಾಗಿತ್ತಲ್ಲ.

ಆಮೇಲೆ ಮುಕ್ಕಾಲು ಗಂಟೆ ಅತ್ತೆ ಸೊಸೆ ಮಾತಾಡಿದರು. ಸ್ಪೀಕರ್ ಆರಿಸಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು. ಒಳಗಿನಿಂದ ನಗು ಕೇಳಿಸುತ್ತಿತ್ತು. ನನ್ನ ಹೆಸರು ಮಧ್ಯೆ ಮಧ್ಯೆ ಬರುತ್ತಿತ್ತು.

ಮಂಗಳವಾರ ಶರತ್ ಬಂದು ಸುಲೋಚನಾ ತುಂಬಿದ ಎರಡು ಬಾಗಿನ ತೆಗೆದುಕೊಂಡು ಹೋದ. ವಡೋದರಾ ಸ್ಟೇಷನ್ನಿನಲ್ಲಿ ಒಂದನ್ನು ಸುಲೋಚನಾಳ ಅಣ್ಣನಿಗೆ ಕೊಟ್ಟು, ಇನ್ನೊಂದನ್ನು ಅಮ್ಮನಿಗೆ ಮುಟ್ಟಿಸಿದ. ಚಿಲಕಪಚ್ಚೆ ಕಣ ಅಮ್ಮನಿಗೆ ಬಹಳ ಹಿಡಿಸಿತಂತೆ. ಬುಧವಾರ ಗೌರಿ ಹಬ್ಬ ಮೂರು ಊರಿನಲ್ಲೂ ಸುಸೂತ್ರವಾಗಿ ನಡೆಯಿತು, ಯಾರ ಮನೆಯಲ್ಲೂ ಮಾತು ನಿಲ್ಲಲಿಲ್ಲ. ಚಂದ್ರಕಾಂತನ ತಾಯಿ ಮಾತ್ರ ಎರಡು ಸಲ ಫೋನ್ ಮಾಡಿ ಗ್ಯಾರಂಟಿ ಕಾರ್ಡು ಕೇಳಿದರು. ಕೊನೆಗೆ ಒಂದು ಕಾರ್ಡು ಮುದ್ರಿಸಿ, ಸ್ಟೇಷನರಿ ಅಂಗಡಿಯಲ್ಲಿ ಗುಂಡಗಿನ ಸೀಲು ಮಾಡಿಸಿ ಒತ್ತಿ, ಕೊಟ್ಟುಬಂದೆ. ಮೊರಕ್ಕೆ ಎರಡು ವರ್ಷ ನಾನೇ ಹೊಣೆ.

ಅಂಗಡಿ ಈಗಲೂ ಇದೆ. ಡ್ರಾಪ್‌ಡೌನ್ ಕೂಡ ಇದೆ. ಸುಲೋಚನಾ ಪಕ್ಕದಲ್ಲಿ ನಿಂತು ನನ್ನ ಕೈಯಿಂದಲೇ ಬದಲಾಯಿಸಿದಳು. ಒತ್ತಿದರೆ ಪಟ್ಟಿ ಕೆಳಗಿಳಿಯುತ್ತದೆ, ಅದರಲ್ಲಿ ಒಂದೇ ಸಾಲು: ‘ಸುಲೋಚನಾಗೆ ಫೋನ್ ಮಾಡಿ.’

ಗಣೇಶನ ಹಬ್ಬ ಕಳೆದು ಶುಕ್ರವಾರ ಶರತ್ ಮತ್ತೆ ಕೆಲಸದ ಮೇಲೆ ಬಂದ. ಕೈಯಲ್ಲಿ ಅಮ್ಮ ಕಳಿಸಿದ ಚೀಲ. ಅಮ್ಮ ಮಾಡುವ ಕರಿಗಡುಬಿಗಾಗಿ ನಾನು ವರ್ಷವಿಡೀ ಕಾಯುವವನು. ಕೈ ಚಾಚಿದೆ. ಶರತ್ ನನ್ನ ಮುಖ ನೋಡದೆ ಎರಡು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಂದು ದೊಡ್ಡದು, ಒಂದು ಚಿಕ್ಕದು. ಎರಡರ ಮೇಲೂ ಅಮ್ಮನ ದುಂಡು ಅಕ್ಷರದ ಚೀಟಿ.

ದೊಡ್ಡದರ ಮೇಲೆ: ‘ಯಾರಿಗೆ, ಸೊಸೆ. ಹೂರಣ, ಕಾಯಿ ಬೆಲ್ಲ ಏಲಕ್ಕಿ. ತುಪ್ಪ, ಧಾರಾಳ. ದರ್ಜೆ, ಅತ್ಯುತ್ತಮ.’

ಚಿಕ್ಕದರ ಮೇಲೆ: ‘ಯಾರಿಗೆ, ಮಗ. ಹೂರಣ, ಇಲ್ಲ. ದರ್ಜೆ, ಸಾಧಾರಣ. ಆಯ್ಕೆ ಮಾಡಿದವರು, ಅಮ್ಮ. ಪರಿಶೀಲಿಸಿದವರು, ಅಮ್ಮ.’

ತಮಾಷೆಗೆ ಬರೆದಿದ್ದಾರೆ ಎಂದುಕೊಂಡು ಮುಚ್ಚಳ ತೆಗೆದೆ. ಐದು ಕಡುಬು, ಅಂಚು ಮಡಿಸಿ, ಹೊಂಬಣ್ಣಕ್ಕೆ ಕರಿದು, ನೋಡಲು ಎಂದಿನಂತೆಯೇ ಇದ್ದವು. ಒಂದನ್ನು ಕಚ್ಚಿದೆ. ಒಳಗೆ ಗಾಳಿ.

“ಒಂದು ನಿನ್ನ ಡಬ್ಬಿಯದು ಕೊಡೇ,” ಎಂದೆ.

ಸುಲೋಚನಾ ಬೆರಳಿಗೆ ಅಂಟಿದ ತುಪ್ಪ ನೆಕ್ಕುತ್ತ, “ಚೀಟೀಲಿ ಏನಿದೆಯೋ ಅದೇ ರೀ. ಚೀಟಿ ಮೀರೋ ಹಾಗಿಲ್ಲ ಅಂತ ನೀವೇ ಹೇಳಿದ್ದಲ್ವಾ,” ಎಂದಳು.

ಹೆತ್ತ ಕರುಳು, ಒಂದರಲ್ಲಾದರೂ ಮರೆತೋ ಕರುಣೆಯಿಂದಲೋ ಸ್ವಲ್ಪ ಹೂರಣ ಹಾಕಿರುತ್ತಾರೆ ಎಂಬ ಆಸೆಯಿಂದ ಉಳಿದ ನಾಲ್ಕನ್ನೂ ಒಂದೊಂದಾಗಿ ಮುರಿದು ನೋಡಿದೆ. ಅಮ್ಮನ ಪರಿಶೀಲನೆಯಲ್ಲಿ ಒಂದು ತಪ್ಪೂ ಇರಲಿಲ್ಲ.